ಹೊಟ್ಟೆಯ ಬೊಜ್ಜು: ಕಾರಣವೇನು, ಕರಗಿಸುವುದು ಹೇಗೆ?

"ನಾವು ಮಾಂಸ, ಮದ್ಯ ಮುಟ್ಟುವುದಿಲ್ಲ. ಹೊತ್ತು ಮುಳುಗುವ ಮೊದಲೇ ಊಟ ಮುಗಿಸುತ್ತೇವೆ. ಆದರೂ ಹೊಟ್ಟೆ ಏಕೆ ಬರುತ್ತದೆ?" ಈ ಪ್ರಶ್ನೆ ನಮ್ಮ ಮನೆಗಳಲ್ಲಿ ಆಗಾಗ ಕೇಳಿಬರುತ್ತದೆ. ಶಾಕಾಹಾರ ಆರೋಗ್ಯಕ್ಕೆ ಒಳ್ಳೆಯದೇ. ಆದರೆ ಬಿಳಿ ಅಕ್ಕಿ, ಮೈದಾ, ಸಕ್ಕರೆ, ಎಣ್ಣೆ, ತುಪ್ಪ ಎಲ್ಲವೂ ಶಾಕಾಹಾರವೇ. ಇವು ಹೆಚ್ಚಾಗಿ, ಕಾಳು ಮತ್ತು ತರಕಾರಿ ಕಡಿಮೆಯಾಗಿ, ಮೈಗೆ ಕೆಲಸವೂ ಇಲ್ಲವಾದರೆ ಬೊಜ್ಜು ಬರುವುದು ಸಹಜ.

ಐಸಿಎಂಆರ್-ಇಂಡಿಯಾಬ್ ಎಂಬ ದೇಶವ್ಯಾಪಿ ಅಧ್ಯಯನದ ವರದಿ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಭಾರತದ ವಯಸ್ಕರಲ್ಲಿ ಶೇ. 39.5ರಷ್ಟು ಮಂದಿಗೆ ಹೊಟ್ಟೆಯ ಬೊಜ್ಜಿದೆ. ಅಂದರೆ ಹತ್ತರಲ್ಲಿ ನಾಲ್ವರಿಗೆ.

ಹೊಟ್ಟೆಯ ಬೊಜ್ಜೇ ಏಕೆ ಅಪಾಯ?

ಹೊಟ್ಟೆಯಲ್ಲಿ ಎರಡು ಬಗೆಯ ಕೊಬ್ಬು ಇರುತ್ತದೆ. ಒಂದು ಚರ್ಮದ ಕೆಳಗಿನದು, ಕೈಯಲ್ಲಿ ಹಿಡಿದರೆ ಸಿಗುವಂಥದು. ಇನ್ನೊಂದು ಒಳಗೆ, ಯಕೃತ್ತು ಮತ್ತು ಕರುಳಿನ ಸುತ್ತ ಸೇರುವಂಥದು. ಈ ಒಳಗಿನ ಕೊಬ್ಬು ಹೆಚ್ಚಿದಾಗ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಫ್ಯಾಟಿ ಲಿವರ್, ಹೃದ್ರೋಗ ಇವೆಲ್ಲಕ್ಕೂ ದಾರಿಯಾಗುತ್ತದೆ. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದಿರುವವರು "ನನ್ನ ತೂಕ ಸರಿಯಾಗಿದೆ" ಎಂದು ಸುಮ್ಮನಿರಬಾರದು. ಭಾರತೀಯರಲ್ಲಿ ಈ ಬಗೆಯ ಮೈಕಟ್ಟು ಸಾಮಾನ್ಯ.

ಮನೆಯಲ್ಲೇ ಅಳತೆ ಮಾಡಿ

ಹೊಲಿಗೆಯ ಟೇಪು ಸಾಕು. ನೇರವಾಗಿ ನಿಂತು, ಕೊನೆಯ ಪಕ್ಕೆಲುಬು ಮತ್ತು ಸೊಂಟದ ಎಲುಬಿನ ಮೇಲ್ತುದಿ ಇವೆರಡರ ನಡುವೆ ಟೇಪು ಸುತ್ತಿ. ಉಸಿರು ಬಿಟ್ಟ ಮೇಲೆ ಅಳೆಯಿರಿ, ಹೊಟ್ಟೆ ಒಳಕ್ಕೆ ಎಳೆಯಬೇಡಿ. ಭಾರತೀಯ ಪುರುಷರಿಗೆ 90 ಸೆಂ.ಮೀ., ಮಹಿಳೆಯರಿಗೆ 80 ಸೆಂ.ಮೀ. ದಾಟಿದರೆ ಎಚ್ಚರಿಕೆ ಬೇಕು. ಇನ್ನೊಂದು ಸುಲಭ ಲೆಕ್ಕವೂ ಇದೆ: ಸೊಂಟದ ಸುತ್ತಳತೆ ನಿಮ್ಮ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು. ತಿಂಗಳಿಗೊಮ್ಮೆ ಅಳೆದು ಬರೆದಿಡಿ.

ಎಣ್ಣೆ ಮತ್ತು ಸಕ್ಕರೆಯ ಲೆಕ್ಕ

ನಾಲ್ಕು ಜನರ ಮನೆಗೆ ತಿಂಗಳಿಗೆ 4 ಲೀಟರ್ ಎಣ್ಣೆ ಖರ್ಚಾದರೆ ಒಬ್ಬೊಬ್ಬರಿಗೆ ದಿನಕ್ಕೆ ಸುಮಾರು 33 ಮಿ.ಲೀ. ಬಿತ್ತು. ಅದರಿಂದಲೇ ಸುಮಾರು 270 ಕ್ಯಾಲೊರಿ. ತುಪ್ಪ, ಬೆಣ್ಣೆ, ಅಂಗಡಿಯ ಕುರುಕಲು ಇದಕ್ಕೆ ಸೇರಿಲ್ಲ. ಒಗ್ಗರಣೆಗೆ ಚಮಚದಲ್ಲಿ ಅಳೆದು ಹಾಕುವ ರೂಢಿ ಮಾಡಿಕೊಂಡು ತಿಂಗಳಿಗೆ ಒಂದು ಲೀಟರ್ ಕಡಿಮೆ ತಂದರೂ ಮನೆಮಂದಿಗೆಲ್ಲ ಅನುಕೂಲ.

ಹಾಗೆಯೇ ಎರಡು ಚಮಚ ಸಕ್ಕರೆಯ ಚಹಾ ದಿನಕ್ಕೆ ನಾಲ್ಕು ಸಲ ಕುಡಿದರೆ 40 ಗ್ರಾಂ ಸಕ್ಕರೆ, ಅಂದರೆ 160 ಕ್ಯಾಲೊರಿ. ಬೆಲ್ಲ ಹಾಕಿದರೂ ಕ್ಯಾಲೊರಿ ಹೆಚ್ಚುಕಡಿಮೆ ಅಷ್ಟೇ.

ತಟ್ಟೆಯಲ್ಲಿ ಏನಿರಬೇಕು?

ಅರ್ಧ ತಟ್ಟೆ ತರಕಾರಿ ಇರಲಿ. ಗಡ್ಡೆ ಗೆಣಸು ತಿನ್ನದವರಿಗೆ ಇದರಲ್ಲಿ ಕಷ್ಟವೇನಿಲ್ಲ. ಹೀರೇಕಾಯಿ, ಸೋರೆಕಾಯಿ, ತೊಂಡೆಕಾಯಿ, ಬೆಂಡೆಕಾಯಿ, ಹಾಗಲಕಾಯಿ, ಸೌತೆಕಾಯಿ, ಬೀನ್ಸ್ ಎಲ್ಲವೂ ಹೊಟ್ಟೆ ತುಂಬಿಸುತ್ತವೆ, ಕ್ಯಾಲೊರಿ ಕಡಿಮೆ. ಕಾಲು ಭಾಗ ಅನ್ನ, ಜೋಳದ ರೊಟ್ಟಿ ಅಥವಾ ರಾಗಿ ಮುದ್ದೆ. ಉಳಿದ ಕಾಲು ಭಾಗ ಬೇಳೆಕಾಳು.

ನಮ್ಮ ಊಟದಲ್ಲಿ ಕಡಿಮೆಯಾಗುವುದು ಪ್ರೋಟೀನ್. ತಿಳಿ ಸಾರಿನಲ್ಲಿ ಬೇಳೆ ಬಹಳ ಇರುವುದಿಲ್ಲ. ಗಟ್ಟಿ ತೊವ್ವೆ, ಹೆಸರುಕಾಳಿನ ಉಸಲಿ, ಬೇಯಿಸಿದ ಕಡಲೆ ಇವುಗಳಲ್ಲಿ ಒಂದಾದರೂ ಪ್ರತಿ ಊಟಕ್ಕಿರಲಿ. 100 ಗ್ರಾಂ ಒಣ ಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇರುತ್ತದೆ. ದ್ವಿದಳ ಮತ್ತು ಮೊಸರು ಕೂಡಿಸದ ಮನೆಗಳಲ್ಲಿ ಬೇಳೆ ಒಂದು ಹೊತ್ತು, ಮೊಸರು ಅಥವಾ ಪನೀರ್ ಇನ್ನೊಂದು ಹೊತ್ತು ಎಂದು ಹಂಚಿಕೊಳ್ಳಬಹುದು. ಶೇಂಗಾ ಪೌಷ್ಟಿಕ, ಆದರೆ ಎಣ್ಣೆ ಹೆಚ್ಚು. ಒಂದು ಹಿಡಿ ಸಾಕು.

ಸಂಜೆಯ ಊಟ ಮತ್ತು ಉಪವಾಸ

ಸೂರ್ಯಾಸ್ತದ ಮೊದಲು ಉಣ್ಣುವ ನಿಯಮ ಧರ್ಮದ್ದು, ತೂಕ ಇಳಿಸಲು ಬಂದದ್ದಲ್ಲ. ಆದರೂ ಅದರಿಂದ ರಾತ್ರಿಯ ಕುರುಕಲು ತಪ್ಪುತ್ತದೆ, ಮಲಗುವ ಮೊದಲು ಊಟ ಅರಗಲು ಸಮಯ ಸಿಗುತ್ತದೆ. ಎಡವುವುದು ಇಲ್ಲಿ: ರಾತ್ರಿ ಹಸಿವಾದೀತೆಂದು ಸಂಜೆ ಅವಸರದಲ್ಲಿ ಎರಡು ಪಟ್ಟು ತಿನ್ನುವುದು, ಅಥವಾ ಕೆಲಸದಿಂದ ಬರಲು ತಡವಾಗುತ್ತದೆಂದು ಅಂಗಡಿಯ ಬಜ್ಜಿ, ಫರಸಾಣಕ್ಕೇ ಊಟ ಮುಗಿಸುವುದು. ಕೆಲಸಕ್ಕೆ ಹೋಗುವವರು ಸಂಜೆಗೆಂದು ರೊಟ್ಟಿ, ಪಲ್ಯ, ಉಸಲಿಯ ಡಬ್ಬಿಯನ್ನು ಬೆಳಿಗ್ಗೆಯೇ ಒಯ್ಯುವುದು ಒಳ್ಳೆಯದು.

ಕೆಲವು ದಿನಗಳ ಉಪವಾಸದಲ್ಲಿ ಇಳಿಯುವ ತೂಕದಲ್ಲಿ ನೀರಿನ ಪಾಲು ದೊಡ್ಡದು, ಸ್ನಾಯುವಿನ ಪಾಲೂ ಇರುತ್ತದೆ. ಪಾರಣೆಯ ನಂತರ ಸಿಹಿ, ಕರಿದದ್ದು ಹೆಚ್ಚಾದರೆ ತೂಕ ಬೇಗ ಹಿಂದಿರುಗುತ್ತದೆ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಉಪವಾಸ ಮಾಡಬಾರದು. ರಕ್ತದ ಸಕ್ಕರೆ ಒಮ್ಮೆಲೇ ಕುಸಿದರೆ ಪ್ರಜ್ಞೆ ತಪ್ಪಬಹುದು, ಪ್ರಾಣಕ್ಕೂ ಅಪಾಯ. ಔಷಧಿಯನ್ನು ತಾವಾಗಿಯೇ ನಿಲ್ಲಿಸುವುದೂ ತಪ್ಪು. ಮನೆಯ ಹಿರಿಯರು ವ್ರತ ಹಿಡಿಯುವ ಮೊದಲು ಮಕ್ಕಳು ಈ ಮಾತು ಕೇಳಿ ತಿಳಿದುಕೊಳ್ಳಬೇಕು.

ವ್ಯಾಯಾಮ ಎಷ್ಟು, ಹೇಗೆ?

ಹೊಟ್ಟೆಯ ವ್ಯಾಯಾಮ ಮಾತ್ರ ಮಾಡಿದರೆ ಹೊಟ್ಟೆಯ ಕೊಬ್ಬು ಕರಗುವುದಿಲ್ಲ. ಅದರಿಂದ ಒಳಗಿನ ಸ್ನಾಯು ಗಟ್ಟಿಯಾಗುತ್ತದೆ ಅಷ್ಟೇ. ಕೊಬ್ಬು ಇಡೀ ದೇಹದಿಂದ ಕರಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮದ ವ್ಯಾಯಾಮ. ಅಂದರೆ ವಾರಕ್ಕೆ ಐದು ದಿನ ಅರ್ಧ ಗಂಟೆ ಬಿರುಸು ನಡಿಗೆ. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ. ಜೊತೆಗೆ ವಾರಕ್ಕೆ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕು. ಕುರ್ಚಿಯಿಂದ ಕೈ ಊರದೆ 10 ಸಲ ಎದ್ದು ಕೂರುವುದು, ಗೋಡೆಗೆ ಕೈಯಿಟ್ಟು ದಂಡ ಹೊಡೆಯುವುದು, ಮೆಟ್ಟಿಲು ಹತ್ತುವುದು, ಸೂರ್ಯನಮಸ್ಕಾರ, ಇವಕ್ಕೆ ಜಿಮ್ ಬೇಕಿಲ್ಲ.

ಬೇಗ ಊಟ ಮಾಡುವವರಿಗೆ ಒಂದು ಅನುಕೂಲವಿದೆ. ಊಟವಾದ ಮೇಲೂ ಇನ್ನೂ ಸ್ವಲ್ಪ ಬೆಳಕಿರುತ್ತದೆ. ಮನೆಯವರೆಲ್ಲ ಸೇರಿ 15 ನಿಮಿಷ ನಿಧಾನವಾಗಿ ನಡೆದರೆ ಊಟದ ನಂತರ ಏರುವ ಸಕ್ಕರೆ ಹತೋಟಿಗೆ ಬರುತ್ತದೆ. ಮಂಡಿನೋವು, ಹೃದಯದ ತೊಂದರೆ ಇರುವವರು ವೈದ್ಯರ ಸಲಹೆ ಪಡೆದು ಆರಂಭಿಸಿ.

ಪ್ರಚಾರ ನಂಬಬೇಡಿ

ಜೇನು-ನಿಂಬೆ ನೀರು ಕುಡಿದರೆ ಬೊಜ್ಜು ಕರಗುತ್ತದೆ ಎಂಬ ಮಾತು ಎಲ್ಲೆಡೆ ಇದೆ. ಜೇನು ಬಳಸದ ಮನೆಯವರು ಏನನ್ನೋ ಕಳೆದುಕೊಂಡೆವು ಎಂದುಕೊಳ್ಳಬೇಕಿಲ್ಲ. ಅದಕ್ಕೆ ಕೊಬ್ಬು ಕರಗಿಸುವ ಗುಣವಿಲ್ಲ, ಅದೂ ಸಕ್ಕರೆಯೇ. ಸೊಂಟಕ್ಕೆ ಕಟ್ಟುವ ಬೆಲ್ಟ್‌ನಿಂದ ಹೋಗುವುದು ಬೆವರು, ನೀರು ಕುಡಿದೊಡನೆ ತೂಕ ಮರಳುತ್ತದೆ.

ಒಂದು ಕೆಜಿ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇದೆ. ಆದ್ದರಿಂದ ವಾರಕ್ಕೆ ಅರ್ಧ ಕೆಜಿ ಇಳಿದರೂ ಉತ್ತಮ. 80 ಕೆಜಿ ಇರುವವರು 4 ಕೆಜಿ ಇಳಿಸಿದರೇ ರಕ್ತದೊತ್ತಡ, ಸಕ್ಕರೆಯಲ್ಲಿ ಸುಧಾರಣೆ ಕಾಣಬಹುದು. ರಾತ್ರಿ ಏಳು ಗಂಟೆಯಾದರೂ ನಿದ್ರೆ ಮಾಡಿ. ನಿದ್ರೆ ಕಡಿಮೆಯಾದರೆ ಹಸಿವು ಹೆಚ್ಚುತ್ತದೆ.

ಹೊಟ್ಟೆ ಒಮ್ಮೆಲೇ ಉಬ್ಬಿದರೆ, ಕಾಲು ಊದಿದರೆ, ಕಣ್ಣು ಹಳದಿಯಾದರೆ ಅದನ್ನು ಬೊಜ್ಜು ಎಂದುಕೊಳ್ಳದೆ ತಕ್ಷಣ ವೈದ್ಯರಿಗೆ ತೋರಿಸಿ. ಉಳಿದವರು ಇಂದೇ ಟೇಪು ಹಿಡಿದು ಮನೆಯ ಎಲ್ಲರ ಸೊಂಟ ಅಳೆಯಿರಿ, ನಾಳೆಯಿಂದ ನಡಿಗೆ ಶುರುಮಾಡಿ.