ಸಿನಿಮಾದ ಹಂಗಿಲ್ಲದ ಹಾಡುಗಳು

ವರ್ಷದ ಕೊನೆಗೆ ಮೆಚ್ಚಿನ ಆಲ್ಬಂಗಳ ಪಟ್ಟಿ ಹಾಕಿ ಅದರ ಮೇಲೆ ಜಗಳ ಕಾಯುವುದು ರಾಕ್ ಸಂಗೀತದ ಅಭಿಮಾನಿಗಳಿಗೆ ಅಂಟಿದ ಚಾಳಿ. ದೊಡ್ಡ ಕಂಪನಿಗಳಿಗೆ ಜೋತುಬೀಳದೆ ತಂಡಗಳು ತಾವೇ ಮಾಡಿಕೊಂಡ ಆಲ್ಬಂಗಳಾದರೆ ಆ ಜಗಳದ ರುಚಿ ಇನ್ನೂ ಹೆಚ್ಚು. ಕರ್ನಾಟಕದ ಮಟ್ಟಿಗೆ ಇಂಥ ಪಟ್ಟಿಗೆ 2008 ಹುಲುಸಾದ ವರ್ಷ. ಬೆಂಗಳೂರಿನಿಂದ ಆ ವರ್ಷ ಥರ್ಮಲ್ ಅಂಡ್ ಎ ಕ್ವಾರ್ಟರ್ ತಂಡದ 'ಪ್ಲಾನ್ ಬಿ', ಲೌಂಜ್ ಪಿರಾನಾದ 'ಗೋಯಿಂಗ್ ನೋವೇರ್', ಜೊತೆಗೆ ರಘು ದೀಕ್ಷಿತ್ ಪ್ರಾಜೆಕ್ಟ್‌ನ ಚೊಚ್ಚಲ ಆಲ್ಬಂ ಬಂದವು. ಶಿಶುನಾಳ ಶರೀಫರ ಪದಗಳನ್ನು ಗಿಟಾರಿನ ಮೇಲೆ ಕೂರಿಸಿದ ರಘು ದೀಕ್ಷಿತ್ ಅವರಿಗೆ ಧ್ವನಿಮುದ್ರಣ ಕಂಪನಿಗಳ ಬಾಗಿಲು ವರ್ಷಗಟ್ಟಲೆ ತೆರೆದಿರಲಿಲ್ಲ. ಕೊನೆಗೆ ಕೈಹಿಡಿದದ್ದು ಹಿಂದಿ ಚಿತ್ರಸಂಗೀತದ ಜೋಡಿ ವಿಶಾಲ್–ಶೇಖರ್ ಕಟ್ಟಿದ್ದ ಸಂಸ್ಥೆ. ಸಿನಿಮಾದಾಚೆಯ ಕನ್ನಡ ಹಾಡು ಕೂಡ ಸಿನಿಮಾದವರ ಕೈಯಿಂದಲೇ ಹೊರಬರಬೇಕಾಯಿತು. ಈ ಪಟ್ಟಿಯಲ್ಲಿ ಮಂಗಳೂರಿನ ಹೆಸರಿಲ್ಲ. ಇರಬೇಕಿತ್ತು, ಅದೂ ಮೊದಲ ಸಾಲಿನಲ್ಲಿ ಎಂಬುದು ಈ ಲೇಖನದ ವಾದ.

ಅದೇ 2008ರ ಜನವರಿ 26 ಮತ್ತು 27ರಂದು ಮಂಗಳೂರಿನ ಶಕ್ತಿನಗರದ ಕಲಾಂಗಣದಲ್ಲಿ 'ಕೊಂಕಣಿ ನಿರಂತರಿ' ನಡೆಯಿತು. ಮಾಂಡ್ ಸೊಭಾಣ್ ಸಂಸ್ಥೆ ಏರ್ಪಡಿಸಿದ ಈ ಗಾಯನದಲ್ಲಿ ತಂಡದ ಮೇಲೆ ತಂಡ ವೇದಿಕೆಗೆ ಬಂದು 40 ಗಂಟೆ ಬಿಡುವಿಲ್ಲದೆ ಕೊಂಕಣಿ ಹಾಡುಗಳನ್ನು ಹಾಡಿ, ಬ್ರೆಜಿಲ್‌ನ ತಂಡವೊಂದರ ಹೆಸರಿನಲ್ಲಿದ್ದ ಗಿನ್ನೆಸ್ ದಾಖಲೆಯನ್ನು ಮುರಿದವು. ಗಿನ್ನೆಸ್ ದಾಖಲೆಯ ಬಗ್ಗೆ ವಿಶೇಷ ಭಕ್ತಿ ಬೇಕಿಲ್ಲ, ಉದ್ದನೆಯ ದೋಸೆಗೂ ಅದು ಸಿಗುತ್ತದೆ. ಆದರೆ ಎರಡು ಹಗಲು, ಒಂದು ಇಡೀ ರಾತ್ರಿ ಹಾಡುವಷ್ಟು ಹಾಡುಗಳು ಒಂದು ಸಣ್ಣ ಭಾಷೆಗೆ ಎಲ್ಲಿಂದ ಬಂದವು ಎಂದು ಕೇಳಿಕೊಂಡರೆ ವಿಷಯ ಬೇರೆಯೇ ಆಗುತ್ತದೆ. ಜನಪದ ಮತ್ತು ಇಗರ್ಜಿಯ ಹಾಡುಗಳ ಪಾಲನ್ನು ಕಳೆದರೂ ಉಳಿಯುವ ರಾಶಿ ದೊಡ್ಡದು. ಅದು ಸಿನಿಮಾದಿಂದ ಬಂದದ್ದಂತೂ ಅಲ್ಲ. ಮಂಗಳೂರು ಕೊಂಕಣಿಯ ಮೊದಲ ಚಿತ್ರ 'ಮೋಗ್ ಆನಿ ಮೈಪಾಸ್' ತೆರೆಕಂಡದ್ದು 1977ರಲ್ಲಿ. ಆಮೇಲಿನ ಮೂರು ದಶಕಗಳಲ್ಲಿ ಬಂದ ಚಿತ್ರಗಳನ್ನು ಬೆರಳಲ್ಲಿ ಎಣಿಸಬಹುದು. ಆ ಮೊದಲ ಚಿತ್ರಕ್ಕೆ ಸಂಗೀತ ಕೊಟ್ಟ ವಿಲ್ಫಿ ರೆಬಿಂಬಸ್ (1942–2010) ಅದಕ್ಕೂ ಮೊದಲೇ 'ಕೊಂಕಣ್ ಕೋಗುಳ್' ಎಂದು ಮನೆಮಾತಾಗಿದ್ದರು. ಹೆಸರು ಮಾಡಿ ಸಿನಿಮಾಕ್ಕೆ ಹೋದವರು ಅವರು. ಸಿನಿಮಾ ಅವರಿಗೆ ಹೆಸರು ತಂದುಕೊಡಬೇಕಾಗಿರಲಿಲ್ಲ.

ವಿಲ್ಫಿ ಹಾಡು ಕಟ್ಟಿ, ರಾಗ ಹಾಕಿ, ತಾವೇ ಹಾಡುತ್ತಿದ್ದರು. ಪತ್ನಿ ಮೀನಾ ಅವರದ್ದೂ ಜೊತೆದನಿ. ಅವರ ಸಂಗೀತದ ದಾರಿ ಎರಡು ಗಾಲಿಗಳ ಮೇಲೆ ಓಡಿತು, ಒಂದು 'ನೈಟ್', ಇನ್ನೊಂದು ಕ್ಯಾಸೆಟ್. ಗಾಯಕನ ಹೆಸರಿನಲ್ಲೇ ನಡೆಯುವ, ಟಿಕೆಟ್ ಕೊಂಡು ಕೇಳುವ ಸಂಜೆಗೆ ಕರಾವಳಿಯ ಕ್ರೈಸ್ತರು ಇಂದಿಗೂ ನೈಟ್ ಎನ್ನುತ್ತಾರೆ. ಮಂಗಳೂರು, ಮುಂಬಯಿ, ಕೊಲ್ಲಿ ದೇಶಗಳು ಸೇರಿ ವಿಲ್ಫಿ ನೈಟ್‌ಗಳು ಇನ್ನೂರು ದಾಟಿದವು. ಹೆನ್ರಿ ಡಿಸಿಲ್ವಾ, ಮೆಲ್ವಿನ್ ಪೆರಿಸ್ ಮೊದಲಾದವರು ಅದೇ ದಾರಿಯಲ್ಲಿ ನಡೆದರು. ಹೊಸ ಹಾಡನ್ನು ಮೊದಲು ವೇದಿಕೆಯಲ್ಲಿ ಜನ ಕೇಳುತ್ತಿದ್ದರು, ಹೋಗುವಾಗ ಕ್ಯಾಸೆಟ್ ಕೊಳ್ಳುತ್ತಿದ್ದರು. ಅದು ಗಲ್ಫಿಗೆ ಹೊರಟವರ ಸೂಟ್‌ಕೇಸಿನಲ್ಲಿ, ಉಪ್ಪಿನಕಾಯಿ ಬಾಟಲಿಯ ಪಕ್ಕದಲ್ಲಿ ಕುಳಿತು ವಿಮಾನ ಹತ್ತುತ್ತಿತ್ತು. ಕ್ಯಾಸೆಟ್ಟಿನೊಳಗಿನ ಕಾಗದವನ್ನು ಬಿಡಿಸಿದರೆ ಹಾಡಿನ ಸಾಲುಗಳು ಕನ್ನಡ ಲಿಪಿಯಲ್ಲಿ. ಮಂಗಳೂರಿನ ಕೊಂಕಣಿಗೆ ಕನ್ನಡವೇ ಲಿಪಿ. ಕೊಂಕಣಿ ಬಾರದ ಕನ್ನಡಿಗನೂ ಅದನ್ನು ಓದಿಕೊಂಡು ಹಾಡಬಲ್ಲ. ಹೀಗಿದ್ದೂ ಘಟ್ಟದ ಮೇಲಿನ ಸಂಗೀತ ಬರಹಗಳು ಇವನ್ನು ಒಂದು ಸಮುದಾಯದ ಮನೆಯೊಳಗಿನ ಸಂಗತಿಯೆಂದು ಬದಿಗಿಟ್ಟವು.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ಚರ್ಚಿನ ಸಂಘ, ಗಲ್ಫಿನ ದಾನಿ, ಊರಿನ ಉದ್ಯಮಿ ದುಡ್ಡು ಹಾಕಿದ ಆಲ್ಬಂ ಸ್ವತಂತ್ರವಾಗುವುದು ಹೇಗೆ? ಕಂಪನಿಯ ಹಂಗು ತಪ್ಪಿ ಸಮುದಾಯದ ಹಂಗು ಬಂದಂತಾಗಲಿಲ್ಲವೇ? ಪ್ರಶ್ನೆಯಲ್ಲಿ ಹುರುಳಿದೆ. ದಾನಿಗಳ ಹೆಸರನ್ನು ಮುಖಪುಟದಲ್ಲಿ ಹೊತ್ತ ಆಲ್ಬಂ ದಾನಿಗಳಿಗೆ ಚುಚ್ಚುವ ಹಾಡನ್ನು ಹಾಡುವುದು ಕಷ್ಟ. ಮದುವೆ, ತಾಯಿ, ಊರಿನ ನೆನಪು, ಇವುಗಳ ಸುತ್ತಲೇ ಬಹುಪಾಲು ಹಾಡುಗಳು ಗಿರಕಿ ಹೊಡೆಯುವುದಕ್ಕೆ ಇದೂ ಒಂದು ಕಾರಣ. ಆದರೆ ಸ್ವತಂತ್ರ ರಾಕ್‌ನ ಹುಟ್ಟುಮನೆಯಾದ ಇಂಗ್ಲೆಂಡಿನಲ್ಲಿ ಆದದ್ದೇನು ಎಂದು ನೋಡಬೇಕು. ಮ್ಯಾಂಚೆಸ್ಟರಿನ ಬಝ್‌ಕಾಕ್ಸ್ ತಂಡ 1977ರ ಜನವರಿಯಲ್ಲಿ 'ಸ್ಪೈರಲ್ ಸ್ಕ್ರ್ಯಾಚ್' ಎಂಬ ನಾಲ್ಕು ಹಾಡುಗಳ ತಟ್ಟೆಯನ್ನು ತಾನೇ ಹೊರತಂದಿತು. ಮನೆಯವರು, ಗೆಳೆಯರಿಂದ ಸುಮಾರು 500 ಪೌಂಡ್ ಸಾಲ ಎತ್ತಿ ಮೊದಲಿಗೆ 1,000 ಪ್ರತಿ ಮಾಡಿಸಿದ್ದರು. ಅದೇನು ಹಂಗಿಲ್ಲದ ದುಡ್ಡಲ್ಲ. 1980ರ ಜನವರಿಯಲ್ಲಿ ಅಲ್ಲಿ ಸ್ವತಂತ್ರ ಸಂಗೀತದ ಮಾರಾಟದ ಪಟ್ಟಿ ಪ್ರಕಟವಾಗತೊಡಗಿದಾಗಲೂ ಹಾಡಿನ ಶೈಲಿ ಯಾವುದು, ದುಡ್ಡು ಯಾರದ್ದು ಎಂದು ಯಾರೂ ಕೇಳಲಿಲ್ಲ. ದೊಡ್ಡ ಕಂಪನಿಗಳ ವಿತರಣಾ ಜಾಲದ ಹೊರಗೆ ಮಾರಾಟವಾಗುತ್ತಿದೆಯೇ ಎಂಬುದೊಂದೇ ಅಲ್ಲಿ ಅಳತೆಗೋಲು. ನಮ್ಮ ನೆರೆಯ ಗೋವಾದ ರೆಮೊ ಫರ್ನಾಂಡಿಸ್ 1984ರಲ್ಲಿ ಶಿವೊಲಿಯ ಮನೆಯಲ್ಲೇ ನಾಲ್ಕು ಟ್ರ್ಯಾಕ್‌ನ ಯಂತ್ರ ಇಟ್ಟುಕೊಂಡು, ವಾದ್ಯಗಳನ್ನು ತಾವೇ ನುಡಿಸಿ 'ಗೋವನ್ ಕ್ರೇಝಿ' ಮುದ್ರಿಸಿದರು, ಕ್ಯಾಸೆಟ್‌ಗಳನ್ನು ಸ್ಕೂಟರಿನಲ್ಲಿ ಅಂಗಡಿ ಅಂಗಡಿಗೆ ಹಂಚಿದರು. ರೆಮೊ ಅವರನ್ನು ಭಾರತದ ಸ್ವತಂತ್ರ ರಾಕ್‌ನ ಮೂಲಪುರುಷರಲ್ಲಿ ಒಬ್ಬರೆಂದು ಎಲ್ಲರೂ ಒಪ್ಪುತ್ತಾರೆ. ಅದೇ ಮಾನದಂಡದಿಂದ ಅಳೆದರೆ ಕ್ಯಾಸೆಟ್ಟನ್ನು ನೈಟ್‌ನ ಬಾಗಿಲಲ್ಲಿ ಮಾರಿದ ಮಂಗಳೂರಿನವರು ಹೊರಗುಳಿಯಲು ಕಾರಣವೇ ಇಲ್ಲ.

ಎರಡನೆಯ ಆಕ್ಷೇಪ ಇನ್ನೂ ನೇರ: ಇದು ರಾಕ್ ಅಲ್ಲ. ವಿಲ್ಫಿಯವರ ಬಹುತೇಕ ಹಾಡುಗಳಲ್ಲಿ ರಾಕ್‌ನ ಒರಟುತನ ಇಲ್ಲ, ಒಪ್ಪಿಕೊಳ್ಳೋಣ. ಅದು ಗಿಟಾರು, ಡ್ರಮ್ಸು ಇರುವ ಮಧುರಗೀತೆ. ಅಪ್ಪಟ ರಾಕ್ ಬೇಕೆನ್ನುವವರು ಸುರತ್ಕಲ್ ಎನ್‌ಐಟಿಕೆಯ 'ಇನ್ಸಿಡೆಂಟ್'ನಂಥ ಕಾಲೇಜು ಹಬ್ಬಗಳಿಗೆ ಹೋಗುತ್ತಾರೆ. ಆದರೆ ಅಲ್ಲಿ ಹೊರಗಿನ ತಂಡಗಳು ಬಂದು ಹೋಗುತ್ತವೆ, ಊರಿನಲ್ಲಿ ಆಲ್ಬಂ ಉಳಿಯುವುದಿಲ್ಲ. ಇನ್ನು ರಾಕ್ ಎಲ್ಲೆಲ್ಲಿ ಬೇರುಬಿಟ್ಟಿದೆಯೋ ಅಲ್ಲೆಲ್ಲ ನೆಲದ ತಾಳವನ್ನು ಎಳೆದುಕೊಂಡಿದೆ. ಮಂಗಳೂರಿನಲ್ಲಿ ಆ ಕೆಲಸವನ್ನು ಕೈಗೆತ್ತಿಕೊಂಡದ್ದು 1986ರ ನವೆಂಬರ್ 30ರಂದು ಎರಿಕ್ ಒಝೇರಿಯೊ ನೇತೃತ್ವದಲ್ಲಿ ಹುಟ್ಟಿದ ಮಾಂಡ್ ಸೊಭಾಣ್. ಕೊಂಕಣಿ ಹಾಡಿನ ಮೈಯೆಲ್ಲ ಪಾಶ್ಚಾತ್ಯವಾಗಿ ಕೊಂಕಣಿತನ ಬರೀ ಮಾತಿನಲ್ಲಿ ಉಳಿದಿದೆ ಎಂಬುದು ಒಝೇರಿಯೊ ಅವರ ತಕರಾರು. ಅದಕ್ಕೆ ಅವರು ಕಂಡುಕೊಂಡ ಮದ್ದುಗಳಲ್ಲಿ ಮುಖ್ಯವಾದದ್ದು ಗುಮಟ್. ಎರಡೂ ಬದಿ ತೆರೆದ ಮಣ್ಣಿನ ಗಡಿಗೆ, ಅಗಲ ಬಾಯಿಗೆ ಉಡದ ಚರ್ಮ. ಚರ್ಮದ ಮೇಲೆ ಬಲಗೈ ಬಡಿಯುವಾಗ ಎಡಗೈ ಕಿರಿದಾದ ಬಾಯಿಯನ್ನು ಮುಚ್ಚಿ ತೆರೆದು ನಾದವನ್ನು ಉಬ್ಬಿಸುತ್ತದೆ, ತಗ್ಗಿಸುತ್ತದೆ. 1972ರ ವನ್ಯಜೀವಿ ಕಾಯ್ದೆಯ ಕಾರಣ ಉಡದ ಚರ್ಮ ನಿಷಿದ್ಧ, ಈಗ ಆಡಿನ ಚರ್ಮ ಬಿಗಿಯುತ್ತಾರೆ. ದಕ್ಷಿಣ ಕನ್ನಡ, ಉಡುಪಿಯ ಕುಡುಬಿಯರು ಹೋಳಿಯಲ್ಲಿ ಬಾರಿಸುವ ಗುಮಟೆಯೂ ಇದೇ. ಗಿಟಾರಿನ ಪಕ್ಕದಲ್ಲಿ ಗುಮಟ್ ಕೂತಾಗ ಹುಟ್ಟುವ ಬಡಿತವನ್ನು ಕೇಳಿದ ಮೇಲೂ ಇದು ರಾಕ್ ಹೌದೋ ಅಲ್ಲವೋ ಎಂದು ಪಟ್ಟು ಹಿಡಿಯುವವರ ಜೊತೆ ವಾದಿಸಿ ಫಲವಿಲ್ಲ. ಶರೀಫರ ಪದಕ್ಕೆ ಕೊಟ್ಟ ಮನ್ನಣೆಯನ್ನು ಗುಮಟಿಗೆ ನಿರಾಕರಿಸುವುದು ಹೇಗೆಂದು ಅವರೇ ಹೇಳಲಿ.

ಮಾಂಡ್ ಸೊಭಾಣ್ ಮಾಡಿದ ಇನ್ನೂ ಗಟ್ಟಿ ಕೆಲಸವೆಂದರೆ ಹಾಡುವವರಿಗೆ ಕಾಯಂ ಜಾಗ ಕೊಟ್ಟದ್ದು. 2002ರ ಜನವರಿಯಿಂದ ಪ್ರತಿ ತಿಂಗಳ ಮೊದಲ ಭಾನುವಾರ ನಡೆಯುವ ತಿಂಗಳ ವೇದಿಕೆ, 2018ರ ಆಗಸ್ಟ್‌ನಲ್ಲಿ ಇನ್ನೂರನೆಯ ಕಾರ್ಯಕ್ರಮ ಕಂಡಿತು. ಬೆಂಗಳೂರಿನ ರಾಕ್ ತಂಡಗಳಿಗೆ ಪಬ್ಬಿನ ಮಾಲೀಕನ ಮರ್ಜಿ ಕಾಯುವ ಸ್ಥಿತಿ, ಇಲ್ಲಿ ಕ್ಯಾಲೆಂಡರಿನಲ್ಲಿ ದಿನ ಗೊತ್ತುಮಾಡಿದ ವೇದಿಕೆ.

ಉಳಿದದ್ದು ಗುಣಮಟ್ಟದ ಪ್ರಶ್ನೆ, ಮೂರರಲ್ಲಿ ಅದೇ ನಿಜಕ್ಕೂ ಕಠಿಣವಾದದ್ದು. ಸ್ವಂತ ಖರ್ಚಿನ ಆಲ್ಬಂಗೆ 'ಈ ಹಾಡು ಬೇಡ' ಎನ್ನುವವರು ಇರುವುದಿಲ್ಲ. ಕೀಬೋರ್ಡಿನ ಸಿದ್ಧ ತಾಳ ಬಂದ ಮೇಲಂತೂ ನಾಲ್ಕಾರು ವಾದಕರ ಕೆಲಸವನ್ನು ಒಬ್ಬನೇ ಮಾಡಿ ಮುಗಿಸುವ ಅಗ್ಗದ ಆಲ್ಬಂಗಳು ಸಾಲುಗಟ್ಟಿದವು, ಒಂದರ ಹಾಡನ್ನು ಇನ್ನೊಂದರಿಂದ ಬೇರ್ಪಡಿಸುವುದು ಕಷ್ಟವಾಯಿತು. ಗ್ಲೋಬಲ್ ಕೊಂಕಣಿ ಮ್ಯೂಸಿಕ್ ಅವಾರ್ಡ್ಸ್ ಎಂಬ ಪ್ರಶಸ್ತಿ ಆರಂಭವಾದದ್ದು ಒಳ್ಳೆಯದೇ, ಆದರೆ ಪ್ರಶಸ್ತಿ ಸಮಿತಿ ಕೇಳುಗನ ಕೆಲಸ ಮಾಡಲಾರದು. ಜಳ್ಳು ಕಾಳು ಬೇರೆ ಮಾಡಲು ಬೇಕಾದದ್ದು ವರ್ಷಕ್ಕೊಮ್ಮೆ ಮುಲಾಜಿಲ್ಲದೆ ಪಟ್ಟಿ ಹಾಕುವ, ಇದು ಮೇಲು ಇದು ಕೀಳು ಎಂದು ಕಾರಣ ಕೊಟ್ಟು ಹೇಳುವ ಅಭಿಮಾನಿ. ಇಷ್ಟೊಂದು ಹಾಡು ಇರುವ ಊರಿನಲ್ಲಿ ಅಂಥ ಬರಹ ಬೆಳೆಯದಿರುವುದು ದೊಡ್ಡ ಕೊರತೆ. ಪಟ್ಟಿ ಹಾಕಬೇಕೆಂದರೆ ಮೊದಲು ಯಾವ ಆಲ್ಬಂ ಯಾವ ವರ್ಷದ್ದು, ಗಿಟಾರು ಯಾರದ್ದು ಎಂಬುದಾದರೂ ತಿಳಿದಿರಬೇಕು. ಅದೆಲ್ಲ ಅಚ್ಚಾಗಿರುವುದು ಕ್ಯಾಸೆಟ್ಟಿನೊಳಗಿನ ಆ ಮಡಿಸಿದ ಕಾಗದದಲ್ಲಿ. ಕರಾವಳಿಯ ಮಳೆಗಾಲದ ತೇವಕ್ಕೆ ಟೇಪಿಗೆ ಬೂಷ್ಟು ಹಿಡಿಯುತ್ತದೆ, ಕಾಗದ ಅಂಟಿಕೊಳ್ಳುತ್ತದೆ. ನಿಮ್ಮ ಮನೆಯ ಅಟ್ಟದ ಪೆಟ್ಟಿಗೆಯಲ್ಲಿ ಇಂಥ ಕ್ಯಾಸೆಟ್‌ಗಳಿದ್ದರೆ ಗುಜರಿಗೆ ಹಾಕುವ ಮೊದಲು ಆ ಕಾಗದದ ಎರಡೂ ಬದಿಯ ಫೋಟೊ ತೆಗೆದಿಡಿ, ಸಾಧ್ಯವಾದರೆ ಟೇಪನ್ನು ಡಿಜಿಟಲ್‌ಗೆ ಇಳಿಸಿಡಿ. ಮುಂದಿನ ಮಳೆಗೆ ಮುಂಚೆ ಮಾಡಿದರೆ ಒಳ್ಳೆಯದು.