ಗೆದ್ದವನ ಹೆಸರು ಬರೆಯದೆ ಬಿಟ್ಟ ರೇಸು

ಕಾಲು ಮೈಲಿ ಅಂದರೆ ಎಷ್ಟು? ಜಿಲ್ಲಾ ಕ್ರೀಡಾಂಗಣದಲ್ಲಿ ಹೈಸ್ಕೂಲು ಹುಡುಗರು ಓಡುವ ಪಟ್ಟಿ ಇದೆಯಲ್ಲ, ಹೆಚ್ಚುಕಡಿಮೆ ಅಷ್ಟೇ. 402 ಮೀಟರು. ಆ ಪಟ್ಟಿಗೆ ಟಾರು ಹಾಕಿ, ಇಪ್ಪತ್ತು ಕಾರುಗಳನ್ನು ಒಟ್ಟಿಗೆ ಬಿಟ್ಟು ‘ಓಡಿಸ್ರಪ್ಪಾ’ ಅಂದರೆ ಏನಾದೀತು? ಸಂಜೆ ಆರಕ್ಕೆ ಬಸ್ ಸ್ಟ್ಯಾಂಡಿನ ಬಾಗಿಲಲ್ಲಿ ಒಳಗೆ ಬರೋ ಬಸ್ಸು, ಹೊರಗೆ ಹೋಗೋ ಬಸ್ಸು ಮೂತಿಗೆ ಮೂತಿ ಕೊಟ್ಟು ನಿಲ್ಲುವುದನ್ನು ದಿನಾ ನೋಡುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದಲ್ಲಿ ವಿನ್‌ಸ್ಟನ್-ಸೇಲಂ ಅಂತ ಒಂದು ಊರು. ನಮ್ಮ ಪಕ್ಕದ ಸೇಲಂ ಅಲ್ಲ ಸ್ವಾಮಿ, ಬೇರೆ. ಆ ಊರಿನವರು 1949ರಿಂದ ತಮ್ಮ ನಗರಸಭೆಯ ಮೈದಾನದಲ್ಲಿ ಇದೇ ಕೆಲಸ ಮಾಡಿಕೊಂಡು ಬಂದಿದ್ದಾರೆ. ಮೈದಾನದ ಹೆಸರು ಬೋಮನ್ ಗ್ರೇ ಸ್ಟೇಡಿಯಂ. ನಡುವೆ ಫುಟ್‌ಬಾಲ್ ಹುಲ್ಲು, ಸುತ್ತ ಟಾರು ಪಟ್ಟಿ. ಸುಮಾರು 17 ಸಾವಿರ ಜನ ಕೂರಬಹುದು.

ಇದು ರೇಸಿಗೆಂದು ಕಟ್ಟಿದ ಜಾಗವೇ ಅಲ್ಲ. 1930ರ ದಶಕದಲ್ಲಿ ಅಮೆರಿಕಕ್ಕೆ ದೊಡ್ಡ ಹಣದ ಮುಗ್ಗಟ್ಟು ಬಂತು, ಜನಕ್ಕೆ ಕೆಲಸವಿಲ್ಲ. ನಮ್ಮಲ್ಲಿ ಬರಗಾಲ ಬಂದಾಗ ಕೆರೆ ಹೂಳೆತ್ತಿಸಿ, ರಸ್ತೆ ಹಾಕಿಸಿ ಕೂಲಿ ಕೊಡುತ್ತಾರಲ್ಲ, ಅಲ್ಲಿನ ಸರ್ಕಾರವೂ ಹಾಗೇ ಮಾಡಿತು. 1937ರಲ್ಲಿ ಈ ಸ್ಟೇಡಿಯಂ ಕಟ್ಟಿಸಿದ್ದು ಆ ಕೂಲಿ ಯೋಜನೆಯ ಹಣದಲ್ಲಿ. ಜೊತೆಗೆ ದಿವಂಗತ ಬೋಮನ್ ಗ್ರೇ ಅವರ ಪತ್ನಿ ಕೈಯಿಂದಲೂ ಕೊಟ್ಟರು. ಈ ಗ್ರೇ ಯಾರು ಅಂದರೆ, ಆ ಊರಿನ ದೊಡ್ಡ ಸಿಗರೇಟು ಕಂಪೆನಿ ಆರ್. ಜೆ. ರೆನಾಲ್ಡ್ಸ್‌ನ ಮುಖ್ಯಸ್ಥರಾಗಿದ್ದವರು. ಊರೇ ಹೊಗೆಸೊಪ್ಪಿನ ಮೇಲೆ ನಿಂತ ಊರು. ಹುಣಸೂರು, ಪಿರಿಯಾಪಟ್ಟಣದ ಕಡೆ ಬ್ಯಾರನ್ನಿನಲ್ಲಿ ಬೇಯಿಸುವ ವರ್ಜೀನಿಯಾ ಸೊಪ್ಪಿಗೆ ಆ ಸೀಮೆಯೇ ತವರು. ಕಂಪೆನಿಯ ಸಿಗರೇಟಿನ ಹೆಸರೂ ಊರಿನದೇ, ವಿನ್‌ಸ್ಟನ್. ಈ ಹೆಸರನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಯುದ್ಧ ಮುಗಿದ ಮೇಲೆ ಬಿಲ್ ಫ್ರಾನ್ಸ್ ಅನ್ನುವ ಗಟ್ಟಿಗ ‘ನಾಸ್ಕಾರ್’ ಎಂಬ ರೇಸಿನ ಸಂಸ್ಥೆ ಕಟ್ಟಿದ. ಅಂಗಡಿಯಲ್ಲಿ ಮಾರುವ ಮಾಮೂಲಿ ಕಾರಿನಂಥ ಕಾರುಗಳನ್ನೇ ಓಡಿಸುವ ರೇಸು. ಅವನೂ ಆಲ್ವಿನ್ ಹಾಕಿನ್ಸ್ ಎಂಬಾತನೂ ಸೇರಿ 1949ರ ಮೇ 18ರಂದು ಈ ಫುಟ್‌ಬಾಲ್ ಮೈದಾನದ ಸುತ್ತ ಮೊದಲ ನಾಸ್ಕಾರ್ ರೇಸು ನಡೆಸಿದರು. ಗೆದ್ದವನು ಫಾಂಟಿ ಫ್ಲಾಕ್. ಅಲ್ಲಿಂದ ಬೇಸಿಗೆಯಲ್ಲಿ ಶನಿವಾರ ರಾತ್ರಿ ಬಂತೆಂದರೆ ಊರಿಗೆ ಊರೇ ಇಲ್ಲಿ. ಫುಟ್‌ಬಾಲಿಗೆ ಬಾರದ ಕಾಸು ಕಾರಿನಿಂದ ಬಂತು.

1958ರಿಂದ ನಾಸ್ಕಾರಿನ ಅತಿ ದೊಡ್ಡ ದರ್ಜೆಯ ರೇಸುಗಳೂ ಇಲ್ಲಿಗೆ ಬಂದವು. ರೇಸಿನ ರಾಜ ಎನಿಸಿಕೊಂಡ ರಿಚರ್ಡ್ ಪೆಟ್ಟಿ ತನ್ನ ನೂರನೇ ಗೆಲುವನ್ನು 1969ರ ಆಗಸ್ಟ್ 22ರಂದು ಕಂಡಿದ್ದು ಈ ಕಾಲು ಮೈಲಿ ಪಟ್ಟಿಯಲ್ಲೇ.

ಈಗ ಅಸಲು ವಿಷಯಕ್ಕೆ ಬರೋಣ. 1971ರ ಆಗಸ್ಟ್ 6. ಆ ವರ್ಷ ಚಿಕ್ಕ ರೇಸುಗಳಿಗೆ ದೊಡ್ಡ ಕಾರುಗಳು ಸಾಲುತ್ತಿರಲಿಲ್ಲ. ಆದ್ದರಿಂದ ಬೇರೆ ದರ್ಜೆಯ ಚಿಕ್ಕ ಕಾರುಗಳೂ ಜೊತೆಗೆ ಓಡಲಿ ಅಂತ ನಾಸ್ಕಾರೇ ಅಪ್ಪಣೆ ಕೊಟ್ಟಿತು. ಬಾಬಿ ಆಲಿಸನ್ ಒಂದು ಮಸ್ಟಾಂಗ್ ತಂದ. ಈ ಸಣ್ಣ ಬಳಸಿಗೆ ಅದು ಹೇಳಿ ಮಾಡಿಸಿದ ಹಾಗಿತ್ತು. ಗೆದ್ದೇ ಬಿಟ್ಟ! ಪೆಟ್ಟಿ ಎರಡನೆಯವನು.

ಗೆಲುವು ಯಾರ ಲೆಕ್ಕಕ್ಕೆ? ದಾಖಲೆ ಬರೆಯುವವರು ತಲೆ ಕೆರೆದುಕೊಂಡರು. ಓಡಿದ್ದು ದೊಡ್ಡ ದರ್ಜೆಯ ರೇಸು, ಗೆದ್ದ ಕಾರು ಚಿಕ್ಕ ದರ್ಜೆಯದು. ಆಲಿಸನ್‌ಗೂ ಕೊಡಲಿಲ್ಲ, ಪೆಟ್ಟಿಗೂ ಕೊಡಲಿಲ್ಲ. ರೇಸು ನಡೆದದ್ದು ನಿಜ, ಗೆದ್ದವನ ಕಾಲಮ್ಮು ಮಾತ್ರ ಖಾಲಿ! ಅದೇ ವರ್ಷ ಇಂಥದೇ ಬೆರಕೆ ರೇಸಿನಲ್ಲಿ ಚಿಕ್ಕ ಕಾರು ತಂದು ಗೆದ್ದ ಟೈನಿ ಲುಂಡ್‌ನ ಗೆಲುವುಗಳು ಪುಸ್ತಕಕ್ಕೆ ಏರಿದ್ದವು. ಒಂದೇ ಅಂಗಡಿ, ಒಂದೇ ತಕ್ಕಡಿ, ಗಿರಾಕಿಗೊಂದು ತೂಕ. ಏನಂತೀರಿ?

ಇದನ್ನು ಸರಿಮಾಡೋಣವೆಂದರೆ ಮರುವರ್ಷ ಆ ದೊಡ್ಡ ರೇಸೇ ಊರಿಗೆ ಬರಲಿಲ್ಲ. ಕಾರಣ, ನೆನಪಿಟ್ಟುಕೊಳ್ಳಿ ಎಂದಿದ್ದೆನಲ್ಲ, ಆ ವಿನ್‌ಸ್ಟನ್. 1971ರ ಜನವರಿಯಿಂದ ಅಮೆರಿಕದಲ್ಲಿ ಟಿ.ವಿ., ರೇಡಿಯೋದಲ್ಲಿ ಸಿಗರೇಟು ಜಾಹೀರಾತು ಬಂದ್ ಆಯಿತು. ಕಂಪೆನಿ ಕೈಯಲ್ಲಿ ಜಾಹೀರಾತಿನ ರಾಶಿ ಹಣ ಉಳಿಯಿತು. ಅದನ್ನು ತಂದು ರೇಸಿಗೆ ಸುರಿದರು. ನಮ್ಮಲ್ಲೂ 1996ರ ವಿಶ್ವಕಪ್ ಕ್ರಿಕೆಟ್ಟಿಗೆ ವಿಲ್ಸ್ ಹೆಸರು ಅಂಟಿಸಿದ್ದು ಮರೆತಿಲ್ಲ ತಾನೆ? ದುಡ್ಡು ಕೊಟ್ಟವರಿಗೆ ದೊಡ್ಡ ರೇಸುಗಳೇ ಬೇಕು. 1971ರಲ್ಲಿ 48 ಇದ್ದ ಪಂದ್ಯಗಳು 1972ಕ್ಕೆ 31 ಆದವು. 250 ಮೈಲಿಗಿಂತ ಚಿಕ್ಕ ರೇಸುಗಳಿಗೆಲ್ಲ ಕತ್ತರಿ. ಬೋಮನ್ ಗ್ರೇಯಲ್ಲಿ ಓಡುತ್ತಿದ್ದದ್ದು 250 ಸುತ್ತು, ಅಂದರೆ ಅರವತ್ತು ಚಿಲ್ಲರೆ ಮೈಲಿ. ಯಾರ ಹೆಸರನ್ನು ಮೈದಾನಕ್ಕೆ ಇಟ್ಟಿದ್ದರೋ ಅವರ ಕಂಪೆನಿಯ ಹಣವೇ ಮೈದಾನವನ್ನು ಪಟ್ಟಿಯಿಂದ ಹೊರಗೆ ಹಾಕಿತು.

ಆ ಏಟಿಗೆ ಎಷ್ಟೋ ಊರಿನ ಸಣ್ಣ ಟ್ರ್ಯಾಕುಗಳು ಸೊರಗಿ, ಹುಲ್ಲು ಬೆಳೆದು ಹಾಳಾದವು. ಇದು ಮಾತ್ರ ಉಳಿಯಿತು. ಹಾಕಿನ್ಸ್ ಮನೆಯವರು ತಲೆಮಾರುಗಟ್ಟಲೆ ನಿಂತು ಶನಿವಾರದ ರೇಸು ನಡೆಸಿದರು. ದೊಡ್ಡ ಹೆಸರಿನವರು ಬಾರದಿದ್ದರೇನು, ಊರಿನ ಹುಡುಗರೇ ಇದ್ದರಲ್ಲ. ಮೈಯರ್ಸ್ ಮನೆತನವನ್ನೇ ನೋಡಿ. ಅಣ್ಣತಮ್ಮಂದಿರಲ್ಲಿ ಬಾಬಿ 1957ರಲ್ಲಿ ಡಾರ್ಲಿಂಗ್ಟನ್ ರೇಸಿನಲ್ಲಿ ಸತ್ತ. ಮರುವರ್ಷ ಬಿಲ್ಲಿ ಇದೇ ಬೋಮನ್ ಗ್ರೇಯಲ್ಲಿ ಓಡಿಸುತ್ತಿದ್ದಾಗ ಹೃದಯ ನಿಂತು ಹೋದ. ಆದರೂ ಬಿಲ್ಲಿಯ ಮೊಮ್ಮಕ್ಕಳು ಅದೇ ಪಟ್ಟಿಯಲ್ಲಿ ಕಾರು ಓಡಿಸಿದರು. ಜನಕ್ಕೆ ರೇಸಿನಷ್ಟೇ ಜಗಳವೂ ಇಷ್ಟ. ಗುದ್ದಿದವನನ್ನು ಹುಡುಕಿಕೊಂಡು ಹೋಗಿ ಹೊಡೆಯುವುದು, ಪೊಲೀಸರು ಬಂದು ಬಿಡಿಸುವುದು, ಗ್ಯಾಲರಿಯಲ್ಲಿ ಸಿಳ್ಳೆ. ಇದಕ್ಕೇ ಮೈದಾನಕ್ಕೆ ‘ಹುಚ್ಚರ ಮನೆ’ ಅಂತ ಅಡ್ಡಹೆಸರು. 2010ರಲ್ಲಿ ಅದೇ ಹೆಸರಿನಲ್ಲಿ ಟಿ.ವಿ. ಧಾರಾವಾಹಿಯೂ ಬಂತು.

ಇತ್ತ ಆಲಿಸನ್ ದೊಡ್ಡವನಾದ. 1983ರಲ್ಲಿ ಚಾಂಪಿಯನ್. 1988ರ ಅಪಘಾತದಲ್ಲಿ ಸಾವಿನ ಬಾಯಿಂದ ಬಂದರೂ ಮತ್ತೆ ಸ್ಪರ್ಧೆಗೆ ಇಳಿಯಲಾಗಲಿಲ್ಲ. ಕಿರಿ ಮಗ ಕ್ಲಿಫರ್ಡ್ 1992ರಲ್ಲಿ ರೇಸಿನ ಅಭ್ಯಾಸದಲ್ಲಿ, ಹಿರಿ ಮಗ ಡೇವಿ 1993ರಲ್ಲಿ ಹೆಲಿಕಾಪ್ಟರ್ ಬಿದ್ದು ಹೋದರು. ಇಷ್ಟೆಲ್ಲ ಕಳಕೊಂಡವನ ಹೆಸರಿನ ಮುಂದೆ ಪುಸ್ತಕದಲ್ಲಿ 84 ಗೆಲುವು ಅಂತಲೇ ಇತ್ತು. 85 ಅಂತ ಅವನ ವಾದ.

2024ರ ಅಕ್ಟೋಬರಿನಲ್ಲಿ ನಾಸ್ಕಾರ್ ಕೊನೆಗೂ ಒಪ್ಪಿತು. ಬಿಲ್ ಫ್ರಾನ್ಸ್‌ನ ಮಗ ಜಿಮ್ ಫ್ರಾನ್ಸ್ ಖುದ್ದು ಆಲಿಸನ್ ಮನೆಗೆ ಹೋಗಿ 1971ರ ಗೆಲುವು ನಿನ್ನದೇ ಎಂದು ಹೇಳಿ ಬಂದ. 53 ವರ್ಷ ಕಾದ ಮುದುಕನಿಗೆ ಆ ಸಂತೋಷ ಮೂರು ವಾರವೂ ಇರಲಿಲ್ಲ. ನವೆಂಬರ್ 9ರಂದು, 86ನೇ ವಯಸ್ಸಿನಲ್ಲಿ ತೀರಿಕೊಂಡ.

ಅದೇ 2024ರಲ್ಲಿ ರೇಸಿನ ಆಡಳಿತ ಹಾಕಿನ್ಸ್ ಮನೆಯಿಂದ ನಾಸ್ಕಾರ್ ಕೈಗೆ ಹೋಯಿತು. ಜಾಗ ನಗರಸಭೆಯದೇ. 2025ರ ಫೆಬ್ರವರಿ 2ರಂದು ದೊಡ್ಡ ದರ್ಜೆಯ ಕಾರುಗಳು 1971ರ ನಂತರ ಮೊದಲ ಸಲ ಆ ಕಾಲು ಮೈಲಿಗೆ ಬಂದವು. ಛಳಿಗಾಲವಾದರೂ ಗ್ಯಾಲರಿ ಭರ್ತಿ. 200 ಸುತ್ತು ಓಡಿಸಿ ಗೆದ್ದವನು ಚೇಸ್ ಎಲಿಯಟ್. ಈ ಸಲ ಹೆಸರು ಅದೇ ರಾತ್ರಿ ಪುಸ್ತಕಕ್ಕೆ ಹತ್ತಿತು.