ಮನೆಮಾತಿನ ಕಾಲಂ ಮತ್ತು ಮನುಷ್ಯನ ಗುರುತು

ಕನ್ನಡದಲ್ಲಿ ‘ಗುರುತು’ ಮತ್ತು ‘ಹಣೆಪಟ್ಟಿ’ ಎಂಬ ಎರಡು ಮಾತುಗಳಿದ್ದು, ತಾನು ಇಂಥವನೆಂದು ಮನುಷ್ಯ ತಾನೇ ಅರಿತು ಹೇಳಿಕೊಳ್ಳುವುದು ಮೊದಲನೆಯದಾದರೆ, ಅವನನ್ನು ಕೇಳದೆ ಇತರರು ಅವನಿಗೆ ಅಂಟಿಸುವುದು ಎರಡನೆಯದು. ಒಬ್ಬನ ಬಾಯಲ್ಲಿ ಗುರುತಾಗಿರುವ ಪದವೇ ಇನ್ನೊಬ್ಬನ ಬಾಯಲ್ಲಿ ಹಣೆಪಟ್ಟಿಯಾಗಬಲ್ಲದು ಎಂಬುದಕ್ಕೆ ಬೆಳಗಾವಿ ನಗರ ಮತ್ತು ಖಾನಾಪುರ ತಾಲೂಕಿನ ಭಾಷಾ ಬದುಕಿಗಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ.

1956ರ ನವೆಂಬರ್ 1ರಂದು ಮುಂಬೈ ರಾಜ್ಯದ ಬೆಳಗಾವಿ ಜಿಲ್ಲೆಯು ಚಂದಗಡ ತಾಲೂಕನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ, ‘ನಿಮ್ಮ ಮನೆಮಾತು ಯಾವುದು’ ಎಂಬ ಸಾಮಾನ್ಯ ಪ್ರಶ್ನೆಯ ಬೆನ್ನಿಗೆ ‘ನೀವು ಯಾವ ರಾಜ್ಯದ ಕಡೆಯವರು’ ಎಂಬ ಇನ್ನೊಂದು ಪ್ರಶ್ನೆ ಅಂಟಿಕೊಂಡಿತು. ಬೆಳಗಾವಿ ತನಗೆ ಸೇರಬೇಕೆಂದು ಮಹಾರಾಷ್ಟ್ರ ಎತ್ತಿದ ಗಡಿವಿವಾದದ ಇತ್ಯರ್ಥಕ್ಕಾಗಿ 1966ರಲ್ಲಿ ನೇಮಕವಾದ ಮಹಾಜನ ಆಯೋಗವು ಬೆಳಗಾವಿ ನಗರ ಮೈಸೂರು ರಾಜ್ಯದಲ್ಲಿಯೇ ಇರಬೇಕೆಂದು ಮರುವರ್ಷ ವರದಿ ಕೊಟ್ಟರೂ ಮಹಾರಾಷ್ಟ್ರ ಅದನ್ನು ಒಪ್ಪಲಿಲ್ಲ. 2004ರಲ್ಲಿ ಆ ರಾಜ್ಯ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಊರಿನ ಹೆಸರೂ ಈ ಎಳೆದಾಟದಿಂದ ಹೊರಗುಳಿಯಲಿಲ್ಲ. ಸರ್ಕಾರಿ ಕಾಗದಗಳಲ್ಲಿದ್ದ ‘ಬೆಲ್ಗಾಂ’ 2014ರ ನವೆಂಬರ್ 1ರಿಂದ ‘ಬೆಳಗಾವಿ’ ಆದರೂ, ಮರಾಠಿ ಮಾತನಾಡುವವರಿಗೆ ಅದು ‘ಬೆಳಗಾಂವ’ ಆಗಿಯೇ ಇದೆ.

ಆದರೆ ನಿತ್ಯದ ಬದುಕಿನಲ್ಲಿ ಈ ಗೆರೆ ಅಷ್ಟು ನೇರವಾಗಿಲ್ಲ. ಮಹಾಂತೇಶ ನಗರದಂಥ ಬಡಾವಣೆಯಲ್ಲಿ ಕನ್ನಡ, ಶಹಾಪುರ, ಅನಗೋಳದಂಥ ಹಳೆಯ ಭಾಗಗಳಲ್ಲಿ ಮರಾಠಿ ಹೆಚ್ಚಾಗಿ ಕಿವಿಗೆ ಬೀಳುತ್ತದೆ, ಖಾನಾಪುರದ ಕಾಡಂಚಿನ ಊರುಗಳಲ್ಲಿ ಕೊಂಕಣಿಯೂ ಇವುಗಳ ಜೊತೆಗೂಡುತ್ತದೆ ಎಂಬುದು ನಿಜವೇ. ಆದರೂ ಪಾಟೀಲ, ದೇಸಾಯಿ, ಕುಲಕರ್ಣಿ, ದೇಶಪಾಂಡೆ ಎಂಬ ಅಡ್ಡಹೆಸರುಗಳು ಎರಡೂ ಭಾಷೆಯವರಲ್ಲಿ ಇರುವುದರಿಂದ, ಮನೆಯ ಬಾಗಿಲ ಫಲಕವನ್ನು ಓದಿ ಒಳಗಿನ ಮಾತನ್ನು ಊಹಿಸಲಾಗದು. ಇಲ್ಲಿಯ ಕನ್ನಡದ ಮನೆಗಳಲ್ಲಿ ಅಪ್ಪನ ತಮ್ಮ ‘ಕಾಕಾ’, ಅಣ್ಣನ ಹೆಂಡತಿ ‘ವೈನಿ’, ಅವ್ವನ ತಂಗಿ ‘ಮಾವಶಿ’. ಮರಾಠಿಯ ಮನೆಗಳಲ್ಲಿ ‘ಅಣ್ಣಾ’, ‘ಅಕ್ಕಾ’, ‘ಅಪ್ಪಾ’ ಎಂಬ ಕನ್ನಡದ ಕರೆಗಳು. ಮರಾಠಿಗರ ಊಟದ ‘ತೂಪ’ ಕನ್ನಡದ ತುಪ್ಪವೇ. ತೀರ ಹತ್ತಿರದವರನ್ನು ಕರೆಯುವ ಮಾತುಗಳನ್ನೇ ಕೊಟ್ಟು ಕೊಂಡವರು ತಮ್ಮನ್ನು ಒಂದೇ ಪದದಲ್ಲಿ ಹೇಳಿಕೊಳ್ಳಬೇಕಾಗಿ ಬಂದಾಗ ಮಾತ್ರ ಬೇರೆಯಾಗುತ್ತಾರೆ.

ಹಾಗೆ ಒಂದೇ ಪದದಲ್ಲಿ ಹೇಳಿಸುವ ದೊಡ್ಡ ವ್ಯವಸ್ಥೆ ಜನಗಣತಿ. ಬಾಲ್ಯದಲ್ಲಿ ತಾಯಿ ಮಗುವಿನೊಡನೆ ಆಡಿದ ಭಾಷೆಯನ್ನು ಜನಗಣತಿಯು ಮಾತೃಭಾಷೆಯೆಂದು ಕರೆಯುತ್ತದೆ. ತಾಯಿ ಎಳವೆಯಲ್ಲಿಯೇ ತೀರಿಕೊಂಡಿದ್ದರೆ ಆ ಮನೆಯಲ್ಲಿ ಮುಖ್ಯವಾಗಿ ಬಳಕೆಯಲ್ಲಿದ್ದ ಭಾಷೆಯನ್ನು ಬರೆದುಕೊಳ್ಳಲಾಗುತ್ತದೆ. 2011ರಲ್ಲಿ ಭಾರತೀಯರು ಹೇಳಿದ ಮಾತೃಭಾಷೆಯ ಹೆಸರುಗಳು 19,569. ಪರಿಶೀಲನೆಯ ಬಳಿಕ ಅವನ್ನು 1,369 ಮಾತೃಭಾಷೆಗಳಾಗಿ, ಕೊನೆಗೆ ತಲಾ ಹತ್ತು ಸಾವಿರಕ್ಕಿಂತ ಕಡಿಮೆಯಿಲ್ಲದಷ್ಟು ಜನ ಆಡುವ 121 ಭಾಷೆಗಳಾಗಿ ಗುಂಪುಗೂಡಿಸಲಾಯಿತು. ನೀಲಗಿರಿಯ ಬಡಗ ಭಾಷೆಯವರು ‘ಬಡಗ’ ಎಂದೇ ಬರೆಸಿದ್ದರೂ ಕನ್ನಡದ ಲೆಕ್ಕಕ್ಕೆ ಸೇರಿದ್ದು ಹೀಗೆ. ಜನ ಹೇಳಿಕೊಂಡ ಗುರುತಿಗೂ ಪಟ್ಟಿಯಲ್ಲಿ ಉಳಿದ ಹೆಸರಿಗೂ ನಡುವೆ ಎಷ್ಟು ಸೋಸುವಿಕೆ ನಡೆಯುತ್ತದೆಂಬುದನ್ನು ಈ ಅಂಕಿಗಳೇ ತೋರಿಸುತ್ತವೆ. ಭಾರತದ ಭಾಷಾ ಸಮೀಕ್ಷೆ ನಡೆಸಿದ ಜಾರ್ಜ್ ಗ್ರಿಯರ್ಸನ್ ಅವರಿಗೆ ತಮ್ಮ ಮಾತಿಗೆ ಹೆಸರೇ ಇಟ್ಟುಕೊಳ್ಳದ ಹಳ್ಳಿಗರು ಎದುರಾಗಿದ್ದರು. ಹೆಸರು ಕೇಳುವ ಅಧಿಕಾರಿ ಬರುವವರೆಗೆ ಅವರಿಗೆ ಅದು ಬೇಕಾಗಿರಲಿಲ್ಲ.

ಗಡಿಯಾಚೆಗಿನ ಸಾಂಗ್ಲಿ ಜಿಲ್ಲೆಯ ಕುಪವಾಡದಲ್ಲಿ ಭಾಷಾವಿಜ್ಞಾನಿಗಳಾದ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ನಡೆಸಿದ ಅಧ್ಯಯನ ಇಲ್ಲಿ ಬಹಳ ಮುಖ್ಯವಾದುದು. ಕನ್ನಡ ಮಾತಿನ ಜೈನರು ಮತ್ತು ಲಿಂಗಾಯತರು, ಉರ್ದು ಮಾತಿನ ಮುಸ್ಲಿಮರು, ಮರಾಠಿ ಮಾತಿನ ದಲಿತರು ಶತಮಾನಗಳಿಂದ ಜೊತೆಗಿದ್ದ ಆ ಊರಿನಲ್ಲಿ ಮೂರೂ ಭಾಷೆಗಳ ವಾಕ್ಯರಚನೆ ಬಹುಮಟ್ಟಿಗೆ ಒಂದೇ ಆಗಿತ್ತೆಂದು 1971ರಲ್ಲಿ ಪ್ರಕಟವಾದ ಅವರ ಲೇಖನ ತೋರಿಸಿತು. ಸೊಪ್ಪು ಕೊಯ್ದು ತಂದೆನೆಂದು ಹೇಳುವಾಗ ಪದಗಳು ಬೇರೆಯಾದರೂ ಅವುಗಳ ಸಾಲು ಬದಲಾಗುತ್ತಿರಲಿಲ್ಲ, ‘ಜರಾ’ ಎಂಬ ಪದವಂತೂ ಮೂರರಲ್ಲಿಯೂ ಇದ್ದಲ್ಲಿಯೇ ಇತ್ತು. ವ್ಯಾಕರಣ ಇಷ್ಟು ಬೆರೆತರೂ ಪ್ರತಿ ಸಮುದಾಯವೂ ಮನೆಯೊಳಗಿನ ಪದಗಳನ್ನು ಬಿಟ್ಟುಕೊಡಲಿಲ್ಲ; ಅವೇ ಅವರ ಗುರುತಾಗಿದ್ದವು. ಬೆರೆಯುವುದಕ್ಕಾಗಿ ಗುರುತನ್ನು ಅಳಿಸಿಕೊಳ್ಳಬೇಕಿಲ್ಲ, ಗುರುತು ಉಳಿಸಿಕೊಳ್ಳುವುದಕ್ಕಾಗಿ ದೂರ ನಿಲ್ಲಬೇಕಿಲ್ಲ ಎಂಬುದನ್ನು ಈ ರೈತಾಪಿ ಊರು ಯಾವ ಉಪದೇಶವೂ ಇಲ್ಲದೆ ಬಾಳಿ ತೋರಿಸಿತ್ತು.

ಹಣೆಪಟ್ಟಿಯ ಅಪಾಯವೂ ಪ್ರಯೋಗಗಳಿಂದ ತಿಳಿದದ್ದೇ. ಬ್ರಿಟನ್ನಿನ ಬ್ರಿಸ್ಟಲ್‌ನಲ್ಲಿ ಮನೋವಿಜ್ಞಾನಿ ಹೆನ್ರಿ ತಾಜ್ಫೆಲ್ ಶಾಲಾ ಹುಡುಗರಿಗೆ ಇಬ್ಬರು ಚಿತ್ರಕಾರರ ಚಿತ್ರಗಳನ್ನು ತೋರಿಸಿ, ಇಂಥವನ ಚಿತ್ರ ಮೆಚ್ಚಿದವರೆಂಬ ನೆಪದಲ್ಲಿ ಎರಡು ಗುಂಪು ಮಾಡಿದಾಗ, ಅಷ್ಟಕ್ಕೇ ಅವರು ತಮ್ಮ ಗುಂಪಿನವರಿಗೆ ಹೆಚ್ಚು ಹಣ ಹಂಚತೊಡಗಿದರು.

ಹಾಗೆಂದು ಹೆಸರುಪಟ್ಟಿಯೇ ಬೇಡವೆನ್ನುವುದು ತಪ್ಪು. ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಕಲ್ಪಿಸಲು ಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಯಾರು ಯಾವ ಭಾಷೆಯವರೆಂದು ಬರೆದುಕೊಳ್ಳದೆ ಈ ಹಕ್ಕನ್ನು ಯಾರಿಗೂ ಕೊಡಲಾಗದು. ಖಾನಾಪುರದ ಮರಾಠಿ ಶಾಲೆಗೂ ಗಡಿಯಾಚೆ ಜತ್ತದ ಕನ್ನಡ ಶಾಲೆಗೂ ಆಧಾರ ಅದೇ. ಮಗುವಿನ ಮಾತೃಭಾಷೆ ಯಾವುದೆಂದು ನಿರ್ಧರಿಸುವವರು ಪಾಲಕರೇ ಹೊರತು ಸರ್ಕಾರವಲ್ಲವೆಂದು 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಕರ್ನಾಟಕದ ಪ್ರಕರಣದಲ್ಲಿಯೇ ತೀರ್ಪಿತ್ತಿತು. ಹೆಸರು ಹಚ್ಚುವ ಕೈ ಆ ಹೆಸರನ್ನು ಹೊರುವವನದೇ ಆಗಿರುವವರೆಗೆ ಅದು ಉಪಕಾರಿ. ನಿಷ್ಠೆಯ ಪುರಾವೆಯಾಗಿ ಅದನ್ನು ಇತರರು ಕೇಳತೊಡಗಿದಾಗ ಅದೇ ಪೀಡೆ. ಮನೆಮಾತು ಮರಾಠಿಯಾಗಿದ್ದ ದ. ರಾ. ಬೇಂದ್ರೆಯವರನ್ನು ಕನ್ನಡದ ವರಕವಿಯೆಂದು ಕರೆಯುವಾಗ ಕನ್ನಡಿಗರು ಯಾವ ಪುರಾವೆಯನ್ನೂ ಕೇಳಲಿಲ್ಲ.

ಮುಂದಿನ ಜನಗಣತಿಗೆ 2027ರ ಮಾರ್ಚ್ 1 ಆಧಾರ ದಿನಾಂಕವೆಂದು ನಿಗದಿಯಾಗಿದೆ. ಹಿಂದಿನ ಗಣತಿಯ ನಮೂನೆಯಲ್ಲಿ ಮಾತೃಭಾಷೆಯ ಪಕ್ಕದಲ್ಲಿಯೇ, ಬಲ್ಲ ಇತರ ಎರಡು ಭಾಷೆಗಳನ್ನು ಬರೆಸಲು ಜಾಗವಿತ್ತು. ಆದರೂ ಎರಡು ಭಾಷೆ ಬಲ್ಲವರೆಂದು ದೇಶದಲ್ಲಿ ದಾಖಲಾದವರು ಶೇ 26ರಷ್ಟು ಮಾತ್ರ. ಬೆಳಗಾವಿ, ಖಾನಾಪುರಗಳ ನಿವಾಸಿಗಳು ಮನೆಮಾತನ್ನು ಅಭಿಮಾನದಿಂದ ಹೇಳಲಿ. ಗಣತಿದಾರರು ಕೇಳಿದಾಗ ನೆರೆಯವರಿಂದ ಕಲಿತ ಭಾಷೆಯನ್ನೂ ಮರೆಯದೆ ಬರೆಸಲಿ.